ಡಯಾಲಿಸಿಸ್ ಕ್ಯಾತೆಟರ್‌ಗೆ ಸೋಂಕು ತಗುಲದಂತೆ, ಪೈಪ್ ಕಟ್ಟದಂತೆ ನೋಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾದರೆ ಎಲ್ಲರ ಗಮನ ಕ್ರಿಯೇಟಿನಿನ್, ಪೊಟ್ಯಾಸಿಯಂ, ದಿನಕ್ಕೆ ಎಷ್ಟು ನೀರು ಕುಡಿಯಬಹುದು ಅನ್ನುವುದರ ಮೇಲೇ ಇರುತ್ತದೆ. ಕುತ್ತಿಗೆಯಲ್ಲಿರುವ ಪೈಪ್, ಅಂದರೆ ರಕ್ತವನ್ನು ಮೆಷಿನ್‌ಗೆ ಕಳಿಸಿ ವಾಪಸ್ ತರುವ ಕ್ಯಾತೆಟರ್ ಬಗ್ಗೆ ಯೋಚನೆ ಬರುವುದು ಚಳಿ ಜ್ವರ ಬಂದ ಮೇಲೆ, ಇಲ್ಲವೇ ಮೆಷಿನ್ ಅಲಾರಂ ಹೊಡೆಯಲು ಶುರುವಾದ ಮೇಲೆ. ಈ ತೊಂದರೆಗಳಲ್ಲಿ ಬಹಳಷ್ಟನ್ನು ತಡೆಯಬಹುದು. ರೋಗಿಗಳು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ನಿಮಗೆಂದೇ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಪಾಲಿಸಿ.

ಈ ಪೈಪ್ ಒಳಗೆ ಎಲ್ಲಿಯವರೆಗೆ ಹೋಗಿದೆ?

ಹೆಚ್ಚಿನವರಿಗೆ ಕುತ್ತಿಗೆಯ ಬಲಗಡೆಯ ದೊಡ್ಡ ರಕ್ತನಾಳದ ಮೂಲಕ ಹಾಕಿರುತ್ತಾರೆ. ತುದಿ ಹೃದಯದ ಹತ್ತಿರ ಇರುತ್ತದೆ, ಪರ್ಮ್‌ಕ್ಯಾತ್ (ಹೆಚ್ಚು ಕಾಲ ಇಡುವ ಪೈಪ್) ಆದರೆ ಸಾಮಾನ್ಯವಾಗಿ ಹೃದಯದ ಬಲ ಮೇಲಿನ ಕೋಣೆಯಲ್ಲೇ ಇರುತ್ತದೆ. ಬಲಗಡೆಯಿಂದ ಹೃದಯಕ್ಕೆ ದಾರಿ ನೇರ. ಎಡಗಡೆಯಿಂದ ಹಾಕಿದರೆ ಪೈಪ್ ಬಾಗಿ ಹೋಗಬೇಕು, ಹಾಗಾಗಿ ಫ್ಲೋ, ಅಂದರೆ ರಕ್ತದ ಹರಿವಿನ ತೊಂದರೆ ಜಾಸ್ತಿ. ಹೊರಗೆ ಕಾಣುವ ಎರಡು ಕವಲುಗಳಲ್ಲಿ ಕೆಂಪು ಕ್ಲಾಂಪ್ ಇರುವುದು ದೇಹದಿಂದ ರಕ್ತ ಎಳೆಯಲು, ನೀಲಿ ಇರುವುದು ಶುದ್ಧವಾದ ರಕ್ತವನ್ನು ವಾಪಸ್ ಕಳಿಸಲು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹೊರಗಿನಿಂದ ನೋಡಿದರೆ ಸಣ್ಣ ಪ್ಲಾಸ್ಟಿಕ್ ಕೊಳವೆ, ಅಷ್ಟೇ. ಆದರೆ ಅದರ ಬಾಯಿಗೆ ತಗುಲಿದ ಒಂದು ರೋಗಾಣು ನೇರವಾಗಿ ಹೃದಯಕ್ಕೇ ಹೋಗಬಹುದು.

ಟೆಂಪರರಿ ಪೈಪ್‌ಗೂ ಪರ್ಮ್‌ಕ್ಯಾತ್‌ಗೂ ಏನು ವ್ಯತ್ಯಾಸ?

ಟೆಂಪರರಿ ಪೈಪ್ ಚರ್ಮದಿಂದ ನೇರವಾಗಿ ರಕ್ತನಾಳಕ್ಕೆ ಇಳಿಯುತ್ತದೆ. ತುರ್ತಿಗೆ ಬೇಗ ಹಾಕಬಹುದು, ಆದರೆ ಸೋಂಕು ಒಳಹೋಗುವ ದಾರಿಯೂ ಚಿಕ್ಕದು. ಪರ್ಮ್‌ಕ್ಯಾತ್ ಎದೆಯ ಚರ್ಮದ ಅಡಿಯಲ್ಲಿ ಸ್ವಲ್ಪ ದೂರ ಸುರಂಗದಂತೆ ಸಾಗಿ ಆಮೇಲೆ ರಕ್ತನಾಳ ಸೇರುತ್ತದೆ. ಆ ಸುರಂಗದೊಳಗೆ ಪೈಪ್ ಸುತ್ತ ಬಟ್ಟೆಯಂಥ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಕಫ್ ಅನ್ನುತ್ತಾರೆ. ಕೆಲವು ವಾರಗಳಲ್ಲಿ ನಮ್ಮ ಮಾಂಸವೇ ಕಫ್‌ಗೆ ಹೆಣೆದುಕೊಂಡು ಪೈಪನ್ನು ಹಿಡಿದುಕೊಳ್ಳುತ್ತದೆ, ರೋಗಾಣುಗಳಿಗೂ ಅಡ್ಡವಾಗುತ್ತದೆ. ಅಲ್ಲಿಯವರೆಗೆ ಹೊಲಿಗೆಯೇ ಆಧಾರ. ಹೊಲಿಗೆ ಕಿರಿಕಿರಿ ಆಗುತ್ತದೆಂದು ನೀವೇ ಕತ್ತರಿಸಬೇಡಿ.

ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಷನ್‌ನ 2019ರ ಮಾರ್ಗಸೂಚಿ ಪ್ರಕಾರ ಟೆಂಪರರಿ ಪೈಪನ್ನು ಹೆಚ್ಚೆಂದರೆ 2 ವಾರ ಇಡಬಹುದು. ತೊಡೆಸಂದಿಯಲ್ಲಿ ಹಾಕಿದ್ದರೆ ಇನ್ನೂ ಬೇಗ ತೆಗೆಸುವುದು ಒಳ್ಳೆಯದು. ನಮ್ಮಲ್ಲಿ ಟೆಂಪರರಿ ಪೈಪ್‌ನಲ್ಲೇ ತಿಂಗಳುಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ ಮುಂದಿನ ಭೇಟಿಯಲ್ಲೇ ಕೇಳಿ: "ಡಾಕ್ಟ್ರೇ, ಇದನ್ನು ಯಾವಾಗ ತೆಗೀತೀರಿ? ಮುಂದೇನು?"

ಇಷ್ಟು ಹುಷಾರಾಗಿದ್ದರೂ ಸೋಂಕು ಎಲ್ಲಿಂದ ಬರುತ್ತದೆ?

ಎರಡು ಬಾಗಿಲುಗಳಿವೆ. ಒಂದು, ಪೈಪ್ ಚರ್ಮದಿಂದ ಹೊರಬರುವ ಜಾಗ. ನಮ್ಮ ಚರ್ಮದ ಮೇಲೇ ವಾಸಿಸುವ ಬ್ಯಾಕ್ಟೀರಿಯಾ ಅಲ್ಲಿಂದ ಪೈಪ್‌ನ ಹೊರಮೈಗುಂಟ ಒಳಗೆ ಸರಿಯುತ್ತವೆ. ಇನ್ನೊಂದು, ಪೈಪ್‌ನ ಬಾಯಿ, ಅಂದರೆ ಕ್ಯಾಪ್ ತೆಗೆದು ಮೆಷಿನ್‌ಗೆ ಜೋಡಿಸುವ ಹಬ್. ಪ್ರತಿ ಡಯಾಲಿಸಿಸ್‌ನಲ್ಲೂ ಅದನ್ನು ತೆರೆಯಲೇಬೇಕು, ಮುಚ್ಚಲೇಬೇಕು. ಕೈಯಿಂದಲೋ ಉಸಿರಿನಿಂದಲೋ ಅಲ್ಲಿಗೆ ಬಿದ್ದ ರೋಗಾಣು ಪೈಪ್‌ನ ಒಳಮೈಗೆ ಅಂಟಿಕೊಳ್ಳುತ್ತದೆ.

ಅಂಟಿಕೊಂಡ ಮೇಲೆ ಅವು ತಮ್ಮ ಸುತ್ತ ಲೋಳೆಯಂಥ ಒಂದು ಪದರ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಅದರೊಳಗೆ ಆಂಟಿಬಯೋಟಿಕ್ ಸರಿಯಾಗಿ ಇಳಿಯುವುದಿಲ್ಲ. ಔಷಧಿ ಕೊಟ್ಟಾಗ ಜ್ವರ ಬಿಟ್ಟು, ಕೋರ್ಸ್ ಮುಗಿದ ಮೇಲೆ ಮತ್ತೆ ಚಳಿ ಜ್ವರ ಬರುವುದು ಅದಕ್ಕೇ.

ಅಪಾಯ ಎಷ್ಟು ದೊಡ್ಡದು ಅಂದರೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಸಾಧ್ಯತೆ ಡಯಾಲಿಸಿಸ್‌ನಲ್ಲಿ ಇಲ್ಲದವರಿಗಿಂತ ಡಯಾಲಿಸಿಸ್‌ನಲ್ಲಿರುವವರಿಗೆ ಸುಮಾರು 100 ಪಟ್ಟು ಹೆಚ್ಚು. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೈಯ ಎರಡು ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಇರುವವರಿಗಿಂತ ಕ್ಯಾತೆಟರ್ ಇರುವವರಿಗೇ ಈ ಅಪಾಯ ಜಾಸ್ತಿ. ಈ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರ ಮೂಗಿನಲ್ಲೂ ಸುಮ್ನೆ ಇರುತ್ತದೆ. ಮಾಸ್ಕ್ ಯಾಕೆ ಬೇಕು ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ಡಯಾಲಿಸಿಸ್ ಯೂನಿಟ್‌ನಲ್ಲಿ ಪೈಪ್ ಜೋಡಿಸುವಾಗ ಏನೇನು ನಡೆಯಬೇಕು?

ಸಿಸ್ಟರ್ ಅಥವಾ ಟೆಕ್ನಿಷಿಯನ್ ಮೊದಲು ಕೈ ತೊಳೆಯಬೇಕು, ಇಲ್ಲವೇ ಸ್ಯಾನಿಟೈಸರ್ ಹಾಕಿಕೊಳ್ಳಬೇಕು. ಆಮೇಲೆ ಹೊಸ ಗ್ಲೌಸ್. ಪಕ್ಕದ ಬೆಡ್‌ನ ರೋಗಿಯನ್ನು ಮುಟ್ಟಿದ ಗ್ಲೌಸ್‌ನಲ್ಲೇ ನಿಮ್ಮ ಪೈಪ್ ಮುಟ್ಟಬಾರದು. ಅವರಿಗೂ ಮಾಸ್ಕ್ ಇರಬೇಕು, ನಿಮಗೂ ಇರಬೇಕು. ನೀವು ಮುಖವನ್ನು ಪೈಪ್ ಇಲ್ಲದ ಕಡೆಗೆ ತಿರುಗಿಸಿಕೊಳ್ಳಿ. ಕೆಲವು ನಿಮಿಷ ಮಾತು ಬೇಡ, ಫೋನ್ ಬೇಡ. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅಷ್ಟು ಹೊತ್ತು ಆರಿಸಲು ಹೇಳಿ.

ಇನ್ನು ಹಬ್ ಉಜ್ಜುವುದು. ಇಡೀ ಕೆಲಸದಲ್ಲಿ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ. ತರಾತುರಿಯಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಕ್ಯಾಪ್ ತೆಗೆಯುವ ಮುಂಚೆ ಕ್ಲಾಂಪ್ ಮುಚ್ಚಿದೆಯಾ ನೋಡಬೇಕು. ಕ್ಯಾಪ್ ತೆಗೆದ ಮೇಲೆ ಹಬ್‌ನ ಬಾಯಿ, ಕ್ಯಾಪ್ ಕೂರುವ ತಿರುಪು, ಬದಿಗಳನ್ನೆಲ್ಲ ಆಲ್ಕೋಹಾಲ್ ಅಥವಾ ಕ್ಲೋರ್‌ಹೆಕ್ಸಿಡಿನ್‌ನಿಂದ ತಿಕ್ಕಿ ಉಜ್ಜಬೇಕು. ಒಣ ರಕ್ತದ ಕಲೆ ಉಳಿದಿರಬಾರದು. ಉಜ್ಜಿದ ಮೇಲೆ ಅದು ತಾನಾಗಿ ಒಣಗಬೇಕು. ಊದಿ ಒಣಗಿಸುವಂತಿಲ್ಲ, ಬಟ್ಟೆಯಿಂದ ಒರೆಸುವಂತಿಲ್ಲ. ಒಣಗುವಾಗಲೇ ಔಷಧಿ ಕೆಲಸ ಮಾಡುತ್ತದೆ. ಡಯಾಲಿಸಿಸ್ ಮುಗಿಸಿ ಬಿಡಿಸುವಾಗಲೂ ಇದೆಲ್ಲ ಇನ್ನೊಮ್ಮೆ ಆಗಬೇಕು. ಕ್ಯಾಪ್ ಪ್ರತಿ ಸಲವೂ ಹೊಸದೇ.

ಪೈಪ್ ಹೊರಬರುವ ಜಾಗವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿ ಮಾಡಿ ಹೊಸ ಡ್ರೆಸ್ಸಿಂಗ್ ಹಾಕುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಆಗದವರಿಗೆ ಪೊವಿಡೋನ್ ಅಯೋಡಿನ್ ಬಳಸುತ್ತಾರೆ. ಕೆಲವು ಕಡೆ ಆಂಟಿಬಯೋಟಿಕ್ ಮುಲಾಮು ಹಚ್ಚುವುದೂ ಉಂಟು. ಅದು ಒಳ್ಳೆಯ ಪದ್ಧತಿಯೇ. ಆದರೆ ಕೆಲವು ಮುಲಾಮುಗಳು ಕೆಲವು ಕ್ಯಾತೆಟರ್‌ಗಳ ಪ್ಲಾಸ್ಟಿಕ್ ಅನ್ನು ಹಾಳುಮಾಡುತ್ತವೆ. ಅದಕ್ಕೇ ಮೆಡಿಕಲ್ ಸ್ಟೋರ್‌ನಿಂದ ನೀವೇ ತಂದು ಹಚ್ಚಬೇಡಿ.

ಸಿಸ್ಟರ್‌ಗೆ "ಗ್ಲೌಸ್ ಬದಲಾಯಿಸಿ" ಅಂತ ಹೇಳಿದರೆ ಅವರಿಗೆ ಬೇಸರ ಆಗುವುದಿಲ್ಲವೇ?

ಒಂದೇ ಶಿಫ್ಟ್‌ನಲ್ಲಿ ಹಲವು ಮೆಷಿನ್ ನೋಡಿಕೊಳ್ಳುವವರಿಗೆ ಆತುರ ಇದ್ದೇ ಇರುತ್ತದೆ. ಹಾಗಾಗಿ ತಪ್ಪು ಹುಡುಕುವ ದನಿ ಬೇಡ. "ಸಿಸ್ಟರ್, ಹೋದ ತಿಂಗಳು ಜ್ವರ ಬಂದು ತುಂಬಾ ಕಷ್ಟ ಆಯ್ತು, ಒಂದ್ಸಲ ಹೊಸ ಗ್ಲೌಸ್ ಹಾಕ್ಕೊಳ್ತೀರಾ?" ಅಂದರೆ ಬೇಸರ ಮಾಡಿಕೊಳ್ಳುವವರು ಕಡಿಮೆ. ಬೇಸರವಾದರೂ ಕೇಳಿ. ಇದು ನಿಮ್ಮ ಹಕ್ಕು.

ಸ್ನಾನ ಮಾಡಬಹುದೇ? ಹಬ್ಬದ ದಿನ ಎಣ್ಣೆ ಸ್ನಾನ?

ಡ್ರೆಸ್ಸಿಂಗ್ ಒದ್ದೆಯಾಗಬಾರದು, ಅದೇ ನಿಯಮ. ಸೊಂಟದಿಂದ ಕೆಳಗೆ ನೀರು ಹಾಕಿಕೊಳ್ಳಿ, ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ತಲೆ ತೊಳೆಯಬೇಕಾದರೆ ಕುರ್ಚಿಯಲ್ಲಿ ಕೂತು ತಲೆಯನ್ನು ಹಿಂದಕ್ಕೆ ಬಾಗಿಸಿ, ಕುತ್ತಿಗೆಗೆ ಪ್ಲಾಸ್ಟಿಕ್ ಹಾಳೆ ಮತ್ತು ಟವೆಲ್ ಸುತ್ತಿ, ಇನ್ನೊಬ್ಬರಿಂದ ನೀರು ಹಾಕಿಸಿಕೊಳ್ಳಿ. ನೀರು ಹಿಂದಕ್ಕೆ ಹರಿಯಬೇಕು, ಮುಂದಕ್ಕೆ ಬರಬಾರದು. ಡಯಾಲಿಸಿಸ್‌ಗೆ ಹೋಗುವ ದಿನ ಬೆಳಿಗ್ಗೆ ತಲೆ ತೊಳೆದುಕೊಂಡರೆ ಅನುಕೂಲ. ಅಕಸ್ಮಾತ್ ಡ್ರೆಸ್ಸಿಂಗ್ ಒದ್ದೆಯಾದರೂ ಅಲ್ಲಿ ಬದಲಾಯಿಸುತ್ತಾರೆ.

ಯುಗಾದಿ, ದೀಪಾವಳಿಗೆ ಎಣ್ಣೆ ಹಚ್ಚಿಕೊಳ್ಳದೆ ಹೇಗೆ ಅಂತ ಹಿರಿಯರು ನೊಂದುಕೊಳ್ಳುತ್ತಾರೆ. ಕೈಕಾಲಿಗೆ, ನೆತ್ತಿಗೆ ಒಂದಿಷ್ಟು ಹಚ್ಚಬಹುದು. ಕುತ್ತಿಗೆ, ಎದೆಯ ಹತ್ತಿರ ಬೇಡ, ಎಣ್ಣೆ ತಾಗಿದರೆ ಪ್ಲಾಸ್ಟರ್ ಬಿಟ್ಟುಕೊಳ್ಳುತ್ತದೆ. ಹೊಳೆ, ಕೆರೆ, ಪುಷ್ಕರಿಣಿಯ ಸ್ನಾನ ಮಾತ್ರ ಖಂಡಿತ ಬೇಡ. ದೇವಸ್ಥಾನಕ್ಕೆ ಹೋದರೆ ತೀರ್ಥ ಪ್ರೋಕ್ಷಣೆ ಸಾಕು.

ಗಾಯದ ಜಾಗಕ್ಕೆ ಅರಿಶಿನ ಹಚ್ಚಬಹುದೇ?

ಬೇಡ. ಅರಿಶಿನ, ವಿಭೂತಿ, ಟಾಲ್ಕಂ ಪೌಡರ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಅಡುಗೆಮನೆಯ ಅರಿಶಿನದ ಡಬ್ಬಿಯಲ್ಲಿ ರೋಗಾಣು ಇಲ್ಲವೆಂದು ಯಾರೂ ಹೇಳಲಾರರು. ಅದರ ಹಳದಿ ಬಣ್ಣದಲ್ಲಿ ಕೀವು, ಕೆಂಪು ಏನೂ ಕಾಣುವುದೂ ಇಲ್ಲ.

ಮನೆಯಲ್ಲಿ ಡ್ರೆಸ್ಸಿಂಗ್ ಬಿಚ್ಚಿಕೊಂಡರೆ?

ಮೊದಲು ಯೂನಿಟ್‌ಗೆ ಫೋನ್ ಮಾಡಿ. ಹತ್ತಿರವಿದ್ದರೆ ಹೋಗಿ ಹಾಕಿಸಿಕೊಳ್ಳಿ. ದೂರದ ಊರಿನವರು ಮೊದಲೇ ಸಿಸ್ಟರ್ ಹತ್ತಿರ ಕಲಿತುಕೊಂಡು, ಸ್ಟೆರೈಲ್ ಗಾಜ್ ಪ್ಯಾಕೆಟ್, ಪ್ಲಾಸ್ಟರ್, ಮಾಸ್ಕ್ ಮನೆಯಲ್ಲಿಟ್ಟುಕೊಂಡಿರಬೇಕು. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದು, ಇಬ್ಬರೂ ಮಾಸ್ಕ್ ಹಾಕಿಕೊಂಡು, ಗಾಯ ಮುಟ್ಟದೆ ಹೊಸ ಗಾಜ್ ಇಟ್ಟು ಮುಚ್ಚಿ. ಕತ್ತರಿಯನ್ನು ಪೈಪ್ ಹತ್ತಿರ ತರಲೇಬೇಡಿ. ಪ್ಲಾಸ್ಟರ್ ಕತ್ತರಿಸಲು ಹೋಗಿ ಪೈಪ್ ಕತ್ತರಿಸಿಬಿಡುವ ಅಪಾಯವಿದೆ.

ಬಟ್ಟೆ, ಸರ, ಮಲಗುವುದು?

ಮುಂದೆ ಗುಂಡಿ ಇರುವ ಅಂಗಿ, ಸಡಿಲ ಕುತ್ತಿಗೆಯ ರವಿಕೆ ಅಥವಾ ನೈಟಿ ಅನುಕೂಲ. ತಲೆಯ ಮೇಲಿಂದ ಎಳೆದು ಹಾಕುವ ಬನಿಯನ್‌ಗೆ ಪೈಪ್ ಸಿಕ್ಕಿಹಾಕಿಕೊಳ್ಳುತ್ತದೆ. ಸೆರಗಿಗೆ ಪಿನ್ ಹಾಕುವುದಾದರೆ ಪೈಪ್ ಇಲ್ಲದ ಭುಜಕ್ಕೆ ಹಾಕಿ. ಮಾಂಗಲ್ಯ ಸರ, ಜನಿವಾರ, ರುದ್ರಾಕ್ಷಿ ಮಾಲೆ ಡ್ರೆಸ್ಸಿಂಗ್‌ಗೆ ಉಜ್ಜುತ್ತಿದ್ದರೆ ಇನ್ನೊಂದು ಕಡೆಗೆ ಸರಿಸಿ ಕಟ್ಟಿಕೊಳ್ಳಿ. ಪೈಪ್ ಇರುವ ಮಗ್ಗುಲಿಗೆ ಮಲಗಬೇಡಿ, ಮಡಚಿಕೊಳ್ಳುತ್ತದೆ. ಪುಟ್ಟ ಮಕ್ಕಳು ಎತ್ತಿಕೊಂಡ ತಕ್ಷಣ ಕೈ ಹಾಕುವುದು ಆ ಪೈಪ್‌ಗೇ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಮುಂಚೆ ಅದನ್ನು ಬಟ್ಟೆಯೊಳಗೆ ಸೇರಿಸಿಕೊಳ್ಳಿ.

ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೆ ಗಡಗಡ ನಡುಕ ಬರುತ್ತದೆ. ಡೋಲೋ ತಗೊಂಡು ಮಲಗಬಹುದೇ?

ಇದು ಬಹಳ ಮುಖ್ಯವಾದ ಪ್ರಶ್ನೆ. ಕ್ಯಾತೆಟರ್ ಇರುವವರಿಗೆ ಚಳಿ, ನಡುಕ, ಅಥವಾ 100.4 ಫ್ಯಾರನ್‌ಹೀಟ್ ದಾಟಿದ ಜ್ವರ ಬಂದರೆ, ಬೇರೆ ಕಾರಣ ಸ್ಪಷ್ಟವಾಗಿ ಸಿಗುವವರೆಗೆ ಅದನ್ನು ಪೈಪ್‌ನ ಸೋಂಕು ಅಂತಲೇ ನೋಡಬೇಕು. ಮೆಷಿನ್ ಓಡಲು ಶುರುವಾದ ಮೇಲೆ ನಡುಕ ಬಂದರಂತೂ ಪೈಪ್ ಒಳಗಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತಿರುವ ಅನುಮಾನ ಬಲವಾಗಿರುತ್ತದೆ. ಹೊರಗಿನ ಗಾಯ ಚೊಕ್ಕಟವಾಗಿ ಕಂಡಿತೆಂದು ಸಮಾಧಾನ ಪಟ್ಟುಕೊಳ್ಳಬೇಡಿ. ರಕ್ತದಲ್ಲಿ ಸೋಂಕಿದ್ದಾಗಲೂ ಹೊರಗೆ ಕೀವು, ಕೆಂಪು ಕಾಣದಿರುವುದು ಮಾಮೂಲು.

ಡೋಲೋ ಜ್ವರ ಇಳಿಸುತ್ತದೆ, ಸೋಂಕನ್ನಲ್ಲ. ತಕ್ಷಣ ಸಿಬ್ಬಂದಿಗೆ ಹೇಳಿ. ಮನೆಯಲ್ಲಿದ್ದರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಆಂಟಿಬಯೋಟಿಕ್ ಕೊಡುವ ಮುಂಚೆ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕು, ಸಾಮಾನ್ಯವಾಗಿ ಎರಡು ಕಡೆಯಿಂದ. ಮೊದಲೇ ಔಷಧಿ ಬಿದ್ದರೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೆ ಹೋಗಬಹುದು. ಆಗ ಚಿಕಿತ್ಸೆ ಅಂದಾಜಿನ ಮೇಲೆ ನಡೆಯುತ್ತದೆ. ಊರಿನ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ನೋಡೋಣ ಅನ್ನುವುದು ಅದಕ್ಕೇ ಬೇಡ.

ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕೆಲವೊಮ್ಮೆ ಜ್ವರವೇ ಬರುವುದಿಲ್ಲ. ಮಂಕಾಗುತ್ತಾರೆ, ಮಾತು ತಡವರಿಸುತ್ತದೆ, ಬಿಪಿ ಇಳಿಯುತ್ತದೆ, ಊಟ ಬೇಡ ಅನ್ನುತ್ತಾರೆ. ಮನೆಯವರು ಇದನ್ನು ಡಯಾಲಿಸಿಸ್ ಸುಸ್ತು ಅಂತ ಬಿಟ್ಟುಬಿಡಬಾರದು.

ಆಂಟಿಬಯೋಟಿಕ್ ಎಷ್ಟು ದಿನ? ಪೈಪ್ ತೆಗೆಯಲೇಬೇಕಾ?

ಯಾವ ಬ್ಯಾಕ್ಟೀರಿಯಾ ಅನ್ನುವುದರ ಮೇಲೆ ನಿರ್ಧಾರ. ರಕ್ತದ ಸೋಂಕಿಗೆ ಸಾಮಾನ್ಯವಾಗಿ 2ರಿಂದ 3 ವಾರ, ಸ್ಟ್ಯಾಫ್ ಆರಿಯಸ್ ಆದರೆ 4 ವಾರ ಅಥವಾ ಹೆಚ್ಚು. ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹರಡಿದ್ದರೆ 6 ವಾರ ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಹಲವು ಔಷಧಿಗಳನ್ನು ಡಯಾಲಿಸಿಸ್ ಮುಗಿದ ಮೇಲೆ ಅಲ್ಲೇ ಕೊಡಬಹುದು. ಮೂರನೇ ದಿನಕ್ಕೇ ಆರಾಮ ಅನ್ನಿಸಿದರೂ ಉಳಿದ ಡೋಸ್ ಬಿಡಬೇಡಿ.

ರೋಗಿಯ ಸ್ಥಿತಿ ಗಂಭೀರವಿದ್ದರೆ, ಸುರಂಗದ ಉದ್ದಕ್ಕೂ ಕೆಂಪಾಗಿ ಕೀವು ಕಟ್ಟಿದ್ದರೆ, ಫಂಗಸ್ ಬೆಳೆದಿದ್ದರೆ, ಅಥವಾ ಔಷಧಿ ಕೊಟ್ಟು 2-3 ದಿನವಾದರೂ ಜ್ವರ ಇಳಿಯದಿದ್ದರೆ ಪೈಪ್ ತೆಗೆಯುತ್ತಾರೆ. ಉಳಿದ ಸಂದರ್ಭಗಳಲ್ಲಿ ಗೈಡ್‌ವೈರ್ ಎಂಬ ತೆಳು ತಂತಿಯ ಮೇಲೆ ಹಳೆಯದನ್ನು ತೆಗೆದು ಅದೇ ದಾರಿಯಲ್ಲಿ ಹೊಸದು ಹಾಕುವುದೂ ಉಂಟು. ಖರ್ಚಿನ ಯೋಚನೆಯಿಂದ "ಇದನ್ನೇ ಉಳಿಸಿ" ಅಂತ ಒತ್ತಾಯಿಸಬೇಡಿ. ಸೋಂಕು ಹರಡಿದರೆ ಆಗುವ ಖರ್ಚು ಅದಕ್ಕಿಂತ ಎಷ್ಟೋ ದೊಡ್ಡದು.

ಸೋಂಕು ವಾಸಿಯಾದ ಕೆಲವು ವಾರಗಳ ಮೇಲೆ ಹೊಸದಾಗಿ ಬೆನ್ನು ನೋವು ಶುರುವಾದರೆ ಅದನ್ನು ಡಾಕ್ಟರಿಗೆ ಹೇಳಿ. ಸೋಂಕು ಬೆನ್ನುಮೂಳೆಯಲ್ಲಿ ಕೂತಿರಬಹುದು.

"ಫ್ಲೋ ಬರ್ತಿಲ್ಲ" ಅನ್ನುತ್ತಾರೆ. ಹಾಗಂದರೇನು?

ಪೈಪ್‌ನಲ್ಲಿ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಹರಿದರೆ ಡಯಾಲಿಸಿಸ್ ಚೆನ್ನಾಗಿ ನಡೆಯುತ್ತದೆ. ಹರಿವು ಕಡಿಮೆಯಾದರೆ ಮೆಷಿನ್ ಅಲಾರಂ ಹೊಡೆಯುತ್ತದೆ, ಪಂಪ್ ವೇಗ ಇಳಿಸಬೇಕಾಗುತ್ತದೆ. ನಾಲ್ಕು ಗಂಟೆ ಮಲಗಿದ್ದರೂ ರಕ್ತ ಸಾಕಷ್ಟು ಶುದ್ಧವಾಗುವುದಿಲ್ಲ. ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಇರುವವರಿಗೆ ಇದು ದೊಡ್ಡ ನಷ್ಟ.

ಪೈಪ್ ಹಾಕಿದ ಮೊದಲ ದಿನಗಳಲ್ಲೇ ಫ್ಲೋ ಇಲ್ಲವೆಂದರೆ, ಎಲ್ಲೋ ಮಡಚಿದೆ ಅಥವಾ ತುದಿ ಸರಿಯಾದ ಜಾಗದಲ್ಲಿಲ್ಲ. ಎಕ್ಸ್‌ರೇಯಲ್ಲಿ ಕಾಣುತ್ತದೆ. ವಾರಗಟ್ಟಲೆ ಚೆನ್ನಾಗಿ ಓಡಿ ಆಮೇಲೆ ಕಡಿಮೆಯಾದರೆ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಥವಾ ಪೈಪ್ ಸುತ್ತ ತೆಳು ಪೊರೆ ಬೆಳೆದಿರಬಹುದು. ಈ ಪೊರೆ ಇದ್ದರೆ ಸಲೈನ್ ಒಳಗೆ ಸಲೀಸಾಗಿ ಹೋಗುತ್ತದೆ, ರಕ್ತ ಮಾತ್ರ ವಾಪಸ್ ಬರುವುದಿಲ್ಲ.

ಮೊದಲು ಮಗ್ಗುಲು ಬದಲಾಯಿಸಿ, ಕೆಮ್ಮಿಸಿ, ಸಲೈನ್ ಹಾಕಿ ನೋಡುತ್ತಾರೆ. ಆಗದಿದ್ದರೆ ಹೆಪ್ಪು ಕರಗಿಸುವ ಔಷಧಿ. ಆಲ್ಟೆಪ್ಲೇಸ್ ಅಥವಾ ಯುರೋಕೈನೇಸ್ ಅನ್ನು ಪೈಪ್‌ನೊಳಗೆ ತುಂಬಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪೈಪ್ ಬದಲಾವಣೆ. ಬಲವಾಗಿ ಸಿರಿಂಜ್ ಒತ್ತಿ ಹೆಪ್ಪನ್ನು ಒಳಗೆ ತಳ್ಳುವುದು ಸರಿಯಲ್ಲ.

ಕೆಂಪು-ನೀಲಿ ಅದಲುಬದಲು ಮಾಡಿ ಡಯಾಲಿಸಿಸ್ ನಡೆಸುವುದನ್ನೂ ನೀವು ನೋಡಿರಬಹುದು. ಆ ಒಂದು ದಿನಕ್ಕೆ ಪರವಾಗಿಲ್ಲ. ಆದರೆ ಹಾಗೆ ಮಾಡಿದಾಗ ಶುದ್ಧವಾದ ರಕ್ತದಲ್ಲಿ ಒಂದು ಪಾಲು ಮತ್ತೆ ಮೆಷಿನ್‌ಗೇ ವಾಪಸ್ ಬರಬಹುದು. ಪ್ರತಿ ಸಲವೂ ರಿವರ್ಸ್ ಮಾಡುತ್ತಿದ್ದರೆ ಮೂಲ ಕಾರಣ ಏನೆಂದು ಕೇಳಿ.

ಡಯಾಲಿಸಿಸ್ ಕೊನೆಯಲ್ಲಿ ಪೈಪ್‌ಗೆ ಹಾಕುವ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಯಾಕೆ?

ಮುಂದಿನ ಸರದಿಯವರೆಗೆ ಪೈಪ್‌ನೊಳಗೆ ರಕ್ತ ನಿಂತು ಹೆಪ್ಪುಗಟ್ಟದಿರಲಿ ಅಂತ. ಇದಕ್ಕೆ ಲಾಕ್ ಅನ್ನುತ್ತಾರೆ. ಎಷ್ಟು ಹಾಕಬೇಕು ಅನ್ನುವುದು ಸಾಮಾನ್ಯವಾಗಿ ಕವಲಿನ ಕ್ಲಾಂಪ್ ಮೇಲೇ ಮುದ್ರಿಸಿರುತ್ತದೆ, ಕೆಂಪು ಮತ್ತು ನೀಲಿಗೆ ಬೇರೆ ಬೇರೆ ಅಳತೆ ಇರಬಹುದು. ಜಾಸ್ತಿ ಹಾಕಿದರೆ ರಕ್ತಕ್ಕೆ ಸೇರಿ ರಕ್ತಸ್ರಾವದ ಅಪಾಯ, ಕಡಿಮೆಯಾದರೆ ತುದಿಯಲ್ಲಿ ಹೆಪ್ಪು. ಹೆಪಾರಿನ್ ಬದಲು 4% ಸಿಟ್ರೇಟ್ ಬಳಸುವ ಯೂನಿಟ್‌ಗಳೂ ಇವೆ.

2011ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ವಾರಕ್ಕೊಮ್ಮೆ ಹೆಪಾರಿನ್ ಬದಲು ಹೆಪ್ಪು ಕರಗಿಸುವ ಟಿಪಿಎ (ಮೇಲೆ ಹೇಳಿದ ಆಲ್ಟೆಪ್ಲೇಸ್) ಹಾಕಿ ನೋಡಿದರು. ಪೈಪ್ ಕೆಟ್ಟವರ ಪ್ರಮಾಣ 34.8%ರಿಂದ 20%ಗೆ ಇಳಿಯಿತು, ರಕ್ತದ ಸೋಂಕು 13%ರಿಂದ 4.5%ಗೆ ಇಳಿಯಿತು. ಕಟ್ಟುವುದಕ್ಕೂ ಸೋಂಕಿಗೂ ನಂಟಿದೆ ಅನ್ನುವುದು ಇದರಿಂದ ತಿಳಿಯುತ್ತದೆ. ಹೆಪ್ಪುಗಟ್ಟಿದ ರಕ್ತವೇ ರೋಗಾಣುಗಳಿಗೆ ಆಸರೆ. ಆದರೆ ಟಿಪಿಎ ದುಬಾರಿ, ಎಲ್ಲರಿಗೂ ಕೊಡಲಾಗುವುದಿಲ್ಲ. ರೋಗಾಣು ಕೊಲ್ಲುವ ಲಾಕ್‌ಗಳೂ ಇವೆ. ಟಾರೊಲಿಡಿನ್ ಮತ್ತು ಹೆಪಾರಿನ್ ಸೇರಿದ ಲಾಕ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಪದೇ ಪದೇ ಸೋಂಕು ಆಗುವವರು ಇಂಥ ಲಾಕ್ ಬಗ್ಗೆ ನೆಫ್ರಾಲಜಿಸ್ಟ್ ಹತ್ತಿರ ಮಾತಾಡಬಹುದು.

ಬೇರೆ ಆಸ್ಪತ್ರೆಯಲ್ಲಿ ಈ ಪೈಪ್‌ಗೇ ಡ್ರಿಪ್ ಹಾಕುತ್ತೇವೆ ಅಂದರು. ಸರಿಯೇ?

ಬೇಡ ಅನ್ನಿ. ಪ್ರಾಣಾಪಾಯದ ತುರ್ತು ಬಿಟ್ಟರೆ ಈ ಪೈಪ್ ಡಯಾಲಿಸಿಸ್‌ಗೆ ಮಾತ್ರ. ಒಳಗಿರುವ ಹೆಪಾರಿನ್ ಎಳೆದು ತೆಗೆಯದೆ ಡ್ರಿಪ್ ಹಾಕಿದರೆ ಅದೆಲ್ಲ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ.

ಕ್ಯಾಪ್ ಬಿದ್ದುಹೋದರೆ? ಪೈಪೇ ಕಿತ್ತು ಬಂದರೆ?

ಕ್ಯಾಪ್ ಬಿದ್ದರೆ ತಕ್ಷಣ ಕ್ಲಾಂಪ್ ಮುಚ್ಚಿದೆಯಾ ನೋಡಿ. ಪೈಪ್ ಸೀಳಿದ್ದರೆ ಸೀಳಿದ ಜಾಗಕ್ಕೂ ದೇಹಕ್ಕೂ ನಡುವೆ ಮಡಚಿ ಗಟ್ಟಿಯಾಗಿ ಹಿಡಿಯಿರಿ. ತೆರೆದ ಪೈಪ್‌ನಿಂದ ರಕ್ತ ಹೊರಬರುವಂತೆಯೇ ಗಾಳಿ ಒಳಹೋಗಬಹುದು. ಉಸಿರು ಕಟ್ಟಿದಂತಾದರೆ ರೋಗಿಯನ್ನು ಎಡಮಗ್ಗುಲಿಗೆ, ತಲೆ ತಗ್ಗಾಗಿ ಇರುವಂತೆ ಮಲಗಿಸಿ 108ಕ್ಕೆ ಕರೆ ಮಾಡಿ.

ಪೂರ್ತಿ ಕಿತ್ತು ಬಂದರೆ ಮಲಗಿಸಿ, ಪೈಪ್ ಹೊರಬಂದ ಜಾಗವನ್ನೂ ಕುತ್ತಿಗೆಯಲ್ಲಿ ರಕ್ತನಾಳ ಸೇರುವ ಜಾಗವನ್ನೂ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. ಅರ್ಧ ಜಾರಿ ಕಫ್ ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ. ಇದ್ದಲ್ಲೇ ಪ್ಲಾಸ್ಟರ್‌ನಿಂದ ಭದ್ರ ಮಾಡಿ ಯೂನಿಟ್‌ಗೆ ತಿಳಿಸಿ.

ಪರ್ಮ್‌ಕ್ಯಾತ್ ಚೆನ್ನಾಗಿ ಓಡ್ತಾ ಇದೆ, ಸೂಜಿ ನೋವೂ ಇಲ್ಲ. ಫಿಸ್ಟುಲಾ ಯಾಕೆ ಬೇಕು?

ಮೇಲೆ ಹೇಳಿದ ಎಲ್ಲ ಎಚ್ಚರಿಕೆಯೂ ಅಪಾಯ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಪ್ಲಾಸ್ಟಿಕ್ ರಕ್ತದಲ್ಲಿರುವವರೆಗೆ ಅಪಾಯ ಇದ್ದೇ ಇರುತ್ತದೆ. ಫಿಸ್ಟುಲಾದಲ್ಲಿ ನಿಮ್ಮದೇ ರಕ್ತನಾಳ, ಮೇಲೆ ನಿಮ್ಮದೇ ಚರ್ಮ. ನ್ಯೂಯಾರ್ಕ್‌ನ ಬ್ರೆಸಿಯಾ, ಚಿಮಿನೋ ಮತ್ತು ಅವರ ಸಂಗಡಿಗರು 1966ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇಷ್ಟು ವರ್ಷಗಳಾದರೂ ಹೆಚ್ಚಿನ ರೋಗಿಗಳಿಗೆ ಅದೇ ಮೊದಲ ಆಯ್ಕೆ.

ತೊಡಕು ಏನೆಂದರೆ ಫಿಸ್ಟುಲಾ ಸೂಜಿ ಹಾಕುವಷ್ಟು ಬಲಿಯಲು ಸಾಮಾನ್ಯವಾಗಿ 6 ವಾರದಿಂದ 3 ತಿಂಗಳು ಬೇಕು, ಕೆಲವರಿಗೆ ಬಲಿಯುವುದೇ ಇಲ್ಲ. ಅದಕ್ಕೇ ಬೇಗ ಶುರು ಮಾಡಬೇಕು. ಕರ್ನಾಟಕದಲ್ಲಿ ಈಗ ತಾಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಸಿಗುತ್ತದೆ, ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಫಿಸ್ಟುಲಾ ಮಾಡುವ ಸರ್ಜನ್ ಸಿಗಬೇಕಾದರೆ ಬಹುಪಾಲು ದೊಡ್ಡ ಊರಿಗೇ ಹೋಗಬೇಕು. ಡಯಾಲಿಸಿಸ್ ಇಲ್ಲೇ ನಡೀತಿದೆಯಲ್ಲ, ಆಮೇಲೆ ನೋಡೋಣ ಅಂತ ಪರ್ಮ್‌ಕ್ಯಾತ್‌ನಲ್ಲೇ ವರ್ಷ ಕಳೆದುಹೋಗುತ್ತದೆ. ದಯವಿಟ್ಟು ಹಾಗೆ ಬಿಡಬೇಡಿ. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು ಯಾವುದಕ್ಕೆ ನೆರವು ಸಿಗುತ್ತದೆ ಅಂತ ವಿಚಾರಿಸಿ.

ಹೃದಯ ತೀರಾ ದುರ್ಬಲ ಇರುವವರಿಗೆ, ರಕ್ತನಾಳಗಳೇ ಉಳಿದಿಲ್ಲದವರಿಗೆ ಕ್ಯಾತೆಟರ್ ಒಂದೇ ದಾರಿ ಆಗಿರಬಹುದು. ಅದು ತಪ್ಪಲ್ಲ. ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್ ತಮಗೆ ಆಗುತ್ತದೆಯೇ ಅಂತ ಅವರೂ ಒಮ್ಮೆ ಕೇಳಲಿ.

ಫಿಸ್ಟುಲಾ ಮಾಡಿಸುವವರೆಗೆ ಕೈ ಹೇಗೆ ಕಾಪಾಡಿಕೊಳ್ಳುವುದು?

ಯಾವ ಕೈಯಲ್ಲಿ ಮಾಡಿಸಬೇಕೋ ಆ ಕೈಗೆ ಸೂಜಿ, ಡ್ರಿಪ್ ಬೇಡ. ಸಾಮಾನ್ಯವಾಗಿ ಅದು ಎಡಗೈ. ರಕ್ತ ತೆಗೆಯಲು ಬಂದವರಿಗೆ ಇನ್ನೊಂದು ಕೈಯ ಹಿಂಭಾಗ ತೋರಿಸಿ.

ಫಿಸ್ಟುಲಾ ಬಲಿತಿದೆ. ಪೈಪ್ ಯಾವಾಗ ತೆಗೆಯುತ್ತಾರೆ?

ಎರಡು ಸೂಜಿ ಹಾಕಿ ಕೆಲವು ಡಯಾಲಿಸಿಸ್ ತೊಂದರೆಯಿಲ್ಲದೆ ನಡೆದ ಮೇಲೆ. ಆಮೇಲೂ "ಇರಲಿ, ಯಾವುದಕ್ಕೂ ಇರಲಿ" ಅಂತ ಇಟ್ಟುಕೊಳ್ಳಬೇಡಿ. ಬಳಸದ ಪೈಪ್‌ಗೂ ಸೋಂಕು ತಗುಲುತ್ತದೆ. ಪರ್ಮ್‌ಕ್ಯಾತ್ ಆದರೆ ಆ ಜಾಗವನ್ನು ಮರಗಟ್ಟಿಸಿ, ಕಫ್ ಬಿಡಿಸಿ ತೆಗೆಯುತ್ತಾರೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಗಾಳಿಯಾಡದ ಡ್ರೆಸ್ಸಿಂಗ್ ಹಾಕುತ್ತಾರೆ. ಗಾಯ ಮುಚ್ಚುವವರೆಗೆ ಒದ್ದೆ ಮಾಡಬೇಡಿ. ತೆಗೆದ ನಂತರದ ದಿನಗಳಲ್ಲಿ ಜ್ವರ ಬಂದರೂ ಯೂನಿಟ್‌ಗೆ ಹೇಳಿ. ಗಾಯ ಮುಚ್ಚಿದ ಮೇಲೆ ಎಂದಿನಂತೆ ತಲೆಗೆ ನೀರು ಹಾಕಿಕೊಳ್ಳಬಹುದು.